ಟಕಯಾಸು ಇದ್ದವರ ಬಿಪಿ ಯಾವ ಕೈಯಲ್ಲಿ ನೋಡಬೇಕು?

ಪಡುಕೆರೆ
ಉಡುಪಿ ತಾಲೂಕಿನ ಆಶಾ ಕಾರ್ಯಕರ್ತೆಯರಿಗೆ, ಬಿಪಿ ಶಿಬಿರದ ಸ್ವಯಂಸೇವಕರಿಗೆ ಅಂತ ಟಕಯಾಸು ಆರ್ಟರೈಟಿಸ್ ಬಗ್ಗೆ ಎರಡು ಪುಟದ ಕರಪತ್ರ ತಯಾರಾಗ್ತಾ ಉಂಟು. ಜೊತೆಗೆ ರೋಗಿಗಳು ಪರ್ಸಿನಲ್ಲಿ ಇಟ್ಟುಕೊಳ್ಳುವ ಒಂದು ಚೀಟಿ. ಕಾಯಿಲೆಯ ವಿವರಣೆ ಸರಳವಾಗಿ ಬಂದಿದೆ: ಮಹಾಪಧಮನಿ ಮತ್ತು ಅದರ ದೊಡ್ಡ ಕವಲುಗಳ ಗೋಡೆಯಲ್ಲಿ ಉರಿಯೂತ ಆಗಿ, ಗೋಡೆ ದಪ್ಪಗಾಗಿ, ರಕ್ತ ಹರಿಯುವ ದಾರಿ ಸಣ್ಣದಾಗುವುದು. ಹೆಚ್ಚಾಗಿ 40ರ ಒಳಗಿನ ಹೆಂಗಸರಲ್ಲಿ.

ತೊಡಕು ಬಂದದ್ದು ಬಿಪಿ ಪುಟದಲ್ಲಿ. ಎಡಗೈಯಲ್ಲಿ 92/60, ಬಲಗೈಯಲ್ಲಿ 168/100 ಬಂತು ಅಂತಿಟ್ಟುಕೊಳ್ಳಿ. ಪುಸ್ತಕದಲ್ಲಿ ಯಾವುದನ್ನು ಬರೆಯುವುದು? ಕರಡಿನಲ್ಲಿ "ಎರಡರ ಸರಾಸರಿ" ಅಂತ ಉಂಟು. ಅಚ್ಚಿಗೆ ಹೋಗುವ ಮೊದಲು ತಿಳಿದವರು ಹೇಳಿ.

ಕುಡ್ಲ ಕಫ್
ಸರಾಸರಿ ಬೇಡವೇ ಬೇಡ ಮಾರಾಯ್ರೆ! 92 ಮತ್ತು 168ರ ಸರಾಸರಿ 130. "ಎಲ್ಲ ಸರಿ ಉಂಟು" ಅಂತ ಮನೆಗೆ ಕಳಿಸಿಬಿಡ್ತಾರೆ. ಆ ಹೊತ್ತಿಗೆ ಹೃದಯ, ಮಿದುಳು, ಮೂತ್ರಪಿಂಡ ಎಲ್ಲ 168ರ ಏಟು ತಿನ್ನುತ್ತಾ ಇರುತ್ತವೆ.

ನಾಡಿಮಿಡಿತ
ಹೌದು, ಆ ಸಾಲನ್ನು ಮೊದಲು ತೆಗೆಯಿರಿ. ಎಡಗೈಯ 92 ಅನ್ನುವುದು ಆ ಮನುಷ್ಯರ ಬಿಪಿ ಅಲ್ಲ. ಎಡ ಸಬ್‌ಕ್ಲೇವಿಯನ್ ನಾಳ (ಎಡಗೈಗೆ ರಕ್ತ ಒಯ್ಯುವುದು) ಸಣ್ಣದಾಗಿ, ಅದರಾಚೆ ಒತ್ತಡ ತಲುಪಿದ್ದೇ ಅಷ್ಟು. ತೋಟದ ಪೈಪನ್ನು ಅರ್ಧದಲ್ಲಿ ಮೆಟ್ಟಿದರೆ ತುದಿಯಲ್ಲಿ ನೀರು ಸಣ್ಣಗೆ ಬರುತ್ತದೆ, ಪಂಪಿನ ಒತ್ತಡ ಕಮ್ಮಿ ಆಗಿರುವುದಿಲ್ಲ.

ನಿಯಮ ಹೀಗೆ: ನಾಲ್ಕೂ ಕಡೆ, ಅಂದರೆ ಎರಡು ಕೈ ಎರಡು ಕಾಲು ನೋಡಿ, ಎಲ್ಲಿ ಅತಿ ಹೆಚ್ಚು ಬರುತ್ತದೋ ಅದೇ ಬಿಪಿ. ಮಾತ್ರೆ ಹೆಚ್ಚು ಕಮ್ಮಿ ಮಾಡುವುದು ಅದನ್ನು ನೋಡಿಯೇ. ಉಳಿದ ಮೂರು ಅಂಕಿಗಳನ್ನೂ ಬರೆದಿಡಿ, ಮುಂದೆ ಯಾವ ನಾಳ ಬಿಗಿಯಾಗ್ತಾ ಉಂಟು ಅಂತ ಅವೇ ಹೇಳುತ್ತವೆ.

ಬೈಂದೂರು ಬೆಳಕು
ಸ್ವಲ್ಪ ನಿಲ್ಲಿ. ಶಿಬಿರದಲ್ಲಿ ಎರಡು ಕೈಗೆ 10–12 ವ್ಯತ್ಯಾಸ ಬಂದವರಿಗೆಲ್ಲ "ಅಪರೂಪದ ರಕ್ತನಾಳದ ಕಾಯಿಲೆ" ಅಂತ ಹೆದರಿಸ್ಲಿಕ್ಕೆ ಆಗ್ತದಾ? 60 ದಾಟಿದ ಬೀಡಿ ಸೇದುವ ಗಂಡಸರಿಗೆ ಕೊಬ್ಬು ಕಟ್ಟಿಯೂ ಹಾಗೆ ಬರುತ್ತದೆ.

ನಾಡಿಮಿಡಿತ
ನ್ಯಾಯವಾದ ಮಾತು. 1990ರ ಅಮೆರಿಕನ್ ಮಾನದಂಡದಲ್ಲಿ ಸಿಸ್ಟೋಲಿಕ್ (ಮೇಲಿನ ಅಂಕಿಯ) ವ್ಯತ್ಯಾಸ 10ಕ್ಕಿಂತ ಹೆಚ್ಚು ಅಂತ ಇತ್ತು. 2022ರಲ್ಲಿ ಅಮೆರಿಕ ಮತ್ತು ಯುರೋಪಿನವರು ಸೇರಿ ಮಾಡಿದ್ದರಲ್ಲಿ 20 ಅಥವಾ ಹೆಚ್ಚು ಅಂತ ಏರಿಸಿದರು. ಅಷ್ಟಿದ್ದರೂ ಅದಕ್ಕೆ ಸಿಗುವುದು 1 ಅಂಕ ಮಾತ್ರ. ಒಟ್ಟು 5 ಬೇಕು. ಕೈಯಲ್ಲಿ ನಾಡಿ ಕ್ಷೀಣ ಆದರೆ 2, ನಾಳದ ಮೇಲೆ ಮರ್ಮರ (ರಕ್ತ ನುಗ್ಗುವ ಸದ್ದು) ಕೇಳಿದರೆ 2, ಕೆಲಸ ಮಾಡುವಾಗ ಕೈಕಾಲು ಸೋತು ನೋಯುವುದಕ್ಕೆ 2, ಹೆಂಗಸಾದರೆ 1, ಹೀಗೆ. ಅಂಕ ಹಾಕುವ ಮೊದಲೇ ಎರಡು ಷರತ್ತು ಉಂಟು: ಪತ್ತೆಯಾಗುವಾಗ ವಯಸ್ಸು 60 ಮೀರಿರಬಾರದು, ಸ್ಕ್ಯಾನಿನಲ್ಲಿ ದೊಡ್ಡ ನಾಳದ ಉರಿಯೂತ ಕಂಡಿರಬೇಕು. ಶಿಬಿರದಲ್ಲಿ ಕೂತು ತೀರ್ಮಾನ ಮಾಡುವ ಕಾಯಿಲೆ ಇದಲ್ಲ.

ಕುಡ್ಲ ಕಫ್
ಹೆದರಿಸುವ ಮೊದಲು ಅಳತೆ ಸರಿ ಮಾಡಿ. ಮೊದಲು ನೋಡಿದ ಕೈಯಲ್ಲಿ ಗಾಬರಿಗೇ ಸ್ವಲ್ಪ ಹೆಚ್ಚು ಬರುತ್ತದೆ. ಬಲ, ಎಡ, ಮತ್ತೆ ಬಲ, ಮತ್ತೆ ಎಡ, ನಡುವೆ ಒಂದೊಂದು ನಿಮಿಷ ಬಿಟ್ಟು. ಪ್ರತಿ ಸಲವೂ ಅದೇ ಕೈ ಕಮ್ಮಿ ಬಂದರೆ ಮಾತ್ರ ಲೆಕ್ಕ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂತಿರಬೇಕು, ಅರ್ಧ ಗಂಟೆ ಮುಂಚಿನಿಂದ ಚಾ ಕಾಫಿ ಬೇಡ, ಮೂತ್ರ ಕಟ್ಟಿಕೊಂಡಿರಬಾರದು, ತೋಳು ಹೃದಯದ ಮಟ್ಟಕ್ಕೆ ಮೇಜಿನ ಮೇಲೆ ಇರಬೇಕು, ಮಾತಾಡಬಾರದು.

ತೋಳಿಗೆ ಸುತ್ತುವ ಪಟ್ಟಿ, ಅಂದರೆ ಕಫ್, ಸಣ್ಣದಾದರೆ ಸುಳ್ಳೇ ಹೆಚ್ಚು ತೋರಿಸುತ್ತದೆ. ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ 80% ಆದರೂ ಸುತ್ತಬೇಕು.

ಕಟಪಾಡಿ ಪ್ರಶ್ನೆ
ಕಾಲಿನ ಬಿಪಿಯನ್ನು ಮನೆಯ ಡಿಜಿಟಲ್ ಮಿಷನಿನಲ್ಲಿ ಕುರ್ಚಿಯಲ್ಲಿ ಕೂತು ನೋಡಬಹುದಾ?

ಕುಡ್ಲ ಕಫ್
ಕೂತು ಬೇಡ. ಹೃದಯದಿಂದ ಒಂದು ಸೆಂಟಿಮೀಟರ್ ಕೆಳಗೆ ಹೋದರೆ ಸುಮಾರು 0.77 ಮಿ.ಮೀ. ಒತ್ತಡ ಸೇರುತ್ತದೆ. ಕೂತವರ ಪಾದದ ಗಂಟು 90 ಸೆಂಟಿಮೀಟರ್ ಕೆಳಗಿದ್ದರೆ ಬರೀ ರಕ್ತದ ಭಾರಕ್ಕೇ 70ರಷ್ಟು ಹೆಚ್ಚು ತೋರಿಸುತ್ತದೆ. ಅಂಗಾತ ಮಲಗಿಸಿ, 5 ನಿಮಿಷ ಬಿಟ್ಟು, ಪಾದದ ಗಂಟಿನ ಸ್ವಲ್ಪ ಮೇಲೆ ಕಫ್ ಕಟ್ಟಿ. ಅಲ್ಲಿಗೆ ತೋಳಿನ ಕಫ್ ಸಾಕು, ತೊಡೆಗಾದರೆ ದೊಡ್ಡದು ಬೇಕು.

ಡಿಜಿಟಲ್ ಮಿಷನ್ ನಾಡಿಯ ಕಂಪನ ಹಿಡಿದು ಲೆಕ್ಕ ಹಾಕುವುದು. ನಾಡಿಯೇ ಇಲ್ಲದ ಕಡೆ ಎರರ್ ತೋರಿಸುತ್ತದೆ. ಇಲ್ಲದಿದ್ದರೆ ಎಂತದೋ ಒಂದು ಅಂಕಿ ಕೊಡುತ್ತದೆ, ಅದು ಇನ್ನೂ ಅಪಾಯ. ಆಸ್ಪತ್ರೆಯಲ್ಲಿ ಪೆನ್ನಿನ ಗಾತ್ರದ 8 ಮೆಗಾಹರ್ಟ್ಸ್ ಡಾಪ್ಲರ್ (ರಕ್ತ ಹರಿಯುವುದನ್ನು ಸದ್ದಾಗಿ ಕೇಳಿಸುವ ಉಪಕರಣ) ಇರುತ್ತದೆ. ಕಫ್ ಉಬ್ಬಿಸಿ, ಸದ್ದು ನಿಂತ ಮೇಲೆ ನಿಧಾನ ಗಾಳಿ ಬಿಟ್ಟು, ಸದ್ದು ಮತ್ತೆ ಶುರುವಾದಾಗಿನ ಅಂಕಿ ಬರೆದುಕೊಳ್ಳುವುದು. ಅದು ಸಿಸ್ಟೋಲಿಕ್ ಮಾತ್ರ, ಕೆಳಗಿನ ಅಂಕಿ ಸಿಗುವುದಿಲ್ಲ.

ಪಡುಕೆರೆ
ಆಶಾದವರ ಹತ್ತಿರ ಡಾಪ್ಲರ್ ಇಲ್ಲ. ಅವರು ಎಂತ ಮಾಡಬೇಕು?

ನಾಡಿಮಿಡಿತ
ಬೆರಳು ಉಂಟಲ್ಲ. ಎರಡೂ ಮಣಿಕಟ್ಟಿನ ನಾಡಿಯನ್ನು ಒಟ್ಟೊಟ್ಟಿಗೆ ಹಿಡಿದು ನೋಡಲಿ, ಒಂದು ಗಟ್ಟಿ ಒಂದು ಮೆಲು ಇದ್ದರೆ ಗೊತ್ತಾಗುತ್ತದೆ. ಆಮೇಲೆ ಪಾದದ ಮೇಲಿನ ನಾಡಿ. ತೊಡೆಸಂದಿಯ ನಾಡಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ನೋಡಲಿ.

ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಬರಬೇಕಾದದ್ದು: 40ರ ಒಳಗಿನವರಿಗೆ 140/90 ದಾಟಿದರೆ ಬರೀ ಮಾತ್ರೆ ಬರೆದು ಕಳಿಸಬೇಡಿ, ನಾಲ್ಕೂ ಕಡೆ ನಾಡಿ ನೋಡಿ. ಜಪಾನಿನಲ್ಲಿ ಕುತ್ತಿಗೆ ಮತ್ತು ಕೈಗೆ ಹೋಗುವ ಕವಲುಗಳಿಗೆ ಹೆಚ್ಚು. ನಮ್ಮ ದೇಶದಲ್ಲಿ ಹೊಟ್ಟೆಯ ಮಹಾಪಧಮನಿ ಮತ್ತು ಮೂತ್ರಪಿಂಡದ ನಾಳಗಳಿಗೂ ತಗಲುವುದು ಜಾಸ್ತಿ, ಹಾಗಾಗಿ ಇಲ್ಲಿ ಕಾಯಿಲೆ ಮೊದಲು ಮುಖ ತೋರಿಸುವುದೇ ಬಿಪಿಯಾಗಿ. ಎರಡು ಕೈಯಲ್ಲೂ 180 ಬಂದು, ಕಾಲಿನಲ್ಲಿ 110 ಬರಬಹುದು. ಮಲಗಿಸಿ ನೋಡಿದರೆ ಕಾಲಿನದ್ದು ಕೈಗಿಂತ 10–20 ಹೆಚ್ಚಿರುವುದು ಸಹಜ, ಇಲ್ಲಿ ತಿರುಗುಮುರುಗು. ಕೈಗಳನ್ನು ಮಾತ್ರ ಹೋಲಿಸುವವರಿಗೆ ಈ ಬಗೆ ತಪ್ಪಿಹೋಗುತ್ತದೆ.

ಬೈಂದೂರು ಬೆಳಕು
ಅದು ಹುಟ್ಟಿನಿಂದಲೇ ಮಹಾಪಧಮನಿ ಒಂದು ಕಡೆ ಸಣ್ಣದಾಗಿರುವ ಕೋಆರ್ಕ್‌ಟೇಶನ್ ಕೂಡ ಆಗಿರಬಹುದಲ್ಲ?

ರೇಡಿಯೋ ಕೋಣೆ
ಆಗಿರಬಹುದು. ಅದಕ್ಕೇ ಆಂಜಿಯೋಗ್ರಾಂ. ಕೋಆರ್ಕ್‌ಟೇಶನ್‌ನಲ್ಲಿ ಸಾಮಾನ್ಯವಾಗಿ ಎಡ ಸಬ್‌ಕ್ಲೇವಿಯನ್ ದಾಟಿದ ಕೂಡಲೇ ಒಂದೇ ಕಡೆ ಗಿಡ್ಡ ಬಿಗಿತ, ಗೋಡೆ ದಪ್ಪ ಇರುವುದಿಲ್ಲ. ಟಕಯಾಸುದಲ್ಲಿ ಉದ್ದಕ್ಕೆ ಗೋಡೆ ಸುತ್ತಲೂ ದಪ್ಪ, ಹಲವು ಕಡೆ ಬಿಗಿತ, ಕೆಲವು ಕಡೆ ಉಬ್ಬು. ಕುತ್ತಿಗೆಯ ಕ್ಯಾರೊಟಿಡ್ ನಾಳವನ್ನು ಅಲ್ಟ್ರಾಸೌಂಡಿನಲ್ಲಿ ನೋಡಿದರೆ ಗೋಡೆ ಒಂದೇ ಸಮ ದಪ್ಪಗೆ ಮ್ಯಾಕರೋನಿಯ ಹಾಗೆ ಕಾಣುತ್ತದೆ, ಹೆಸರೂ ಅದೇ, ಮ್ಯಾಕರೋನಿ ಚಿಹ್ನೆ. ಕೊಬ್ಬು ಕಟ್ಟಿದ್ದಾದರೆ ಒಂದು ಬದಿಗೆ ತೇಪೆ ತೇಪೆಯಾಗಿ, ಸುಣ್ಣ ಸೇರಿ ಇರುತ್ತದೆ.

ಮೊದಲ ಸಲ ಸಿಟಿ ಆಂಜಿಯೋ ಮಾಡಿದರೆ ಸ್ಪಷ್ಟ ಚಿತ್ರ ಬೇಗ ಸಿಗುತ್ತದೆ. ಆದರೆ 20–25 ವಯಸ್ಸಿನ ಹುಡುಗಿಗೆ ಮತ್ತೆ ಮತ್ತೆ ಸಿಟಿ ಅಂದರೆ ವಿಕಿರಣ ಸೇರುತ್ತಾ ಹೋಗುತ್ತದೆ. ಮುಂದಿನ ತಪಾಸಣೆಗೆ ಎಂಆರ್ ಆಂಜಿಯೋ ಮತ್ತು ಕುತ್ತಿಗೆಯ ಡಾಪ್ಲರ್ ಕೇಳಿ. ಸಿಟಿಗೆ ಹೋಗುವವರು ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ) ವರದಿ ಒಯ್ಯಬೇಕು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು. ಹಳೆಯ ಸ್ಕ್ಯಾನಿನ ಸಿಡಿ ತರದೆ ಬಂದರೆ ಹೋಲಿಸಲಿಕ್ಕೆ ಎಂತದೂ ಇರುವುದಿಲ್ಲ. ಕಾಗದದ ವರದಿ ಸಾಲುವುದಿಲ್ಲ.

ಕಟಪಾಡಿ ಪ್ರಶ್ನೆ
ಇಎಸ್‌ಆರ್, ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆಗಳು) ಸರಿ ಬಂದರೆ ಕಾಯಿಲೆ ತಣ್ಣಗಾಯಿತು ಅಂತ ತಾನೆ?

ನಾಡಿಮಿಡಿತ
ಅಲ್ಲ. ಇವೆರಡೂ ಸರಿ ಇದ್ದು ಒಳಗೆ ನಾಳ ಬಿಗಿಯಾಗುತ್ತಾ ಹೋದದ್ದು ಬೇಕಾದಷ್ಟುಂಟು. ಶಸ್ತ್ರಕ್ರಿಯೆಯಲ್ಲಿ ತೆಗೆದ ತುಂಡಿನಲ್ಲಿ ಉರಿಯೂತ ಕಂಡದ್ದೂ ಉಂಟು. ಅದಕ್ಕೇ ನಮ್ಮ ದೇಶದ ವೈದ್ಯರು ಕಾಯಿಲೆ ಎಷ್ಟು ಕೆರಳಿದೆ ಅಂತ ಅಳೆಯುವ ಐಟಿಎಎಸ್ 2010 ಅನ್ನುವ ಅಂಕಪಟ್ಟಿ ಮಾಡಿದ್ದು. ಒಟ್ಟು 44 ಅಂಶ, ಅದರಲ್ಲಿ 33 ಹೃದಯ ಮತ್ತು ರಕ್ತನಾಳಕ್ಕೆ ಸೇರಿದವು. ಕಳೆದ ಮೂರು ತಿಂಗಳಲ್ಲಿ ಹೊಸದಾಗಿ ಬಂದದ್ದು ಅಥವಾ ಹೆಚ್ಚಾದದ್ದು ಮಾತ್ರ ಲೆಕ್ಕಕ್ಕೆ. ಹೋದ ವರ್ಷ ಹೋದ ನಾಡಿಗೆ ಈಗ ಅಂಕ ಇಲ್ಲ, ಈ ತಿಂಗಳು ಹೋದರೆ ಉಂಟು.

ಇನ್ನೊಂದು ಗುಂಡಿ: ಈ ಕಾಯಿಲೆಗೆ ಕೊಡುವ ಟೋಸಿಲಿಜುಮ್ಯಾಬ್ ಇಂಜೆಕ್ಷನ್ ನಡೆಯುತ್ತಿದ್ದರೆ ಸಿಆರ್‌ಪಿಯನ್ನು ನಂಬಲೇಬೇಡಿ. ಐಎಲ್-6 (ಉರಿಯೂತದ ಸಂದೇಶ ಒಯ್ಯುವ ಪ್ರೋಟೀನ್) ಹೇಳಿದರೆ ಯಕೃತ್ತು ಸಿಆರ್‌ಪಿ ಮಾಡುವುದು, ಈ ಮದ್ದು ಆ ಐಎಲ್-6ರ ಕೆಲಸವನ್ನೇ ತಡೆಯುತ್ತದೆ. ಕಾಯಿಲೆ ಕೆರಳಿದ್ದರೂ, ನ್ಯುಮೋನಿಯಾ ಬಂದಿದ್ದರೂ ವರದಿ ಸೊನ್ನೆಯ ಹತ್ತಿರ ಇರಬಹುದು.

ಆಟಿಮಳೆ
ಶುರುವಿನ ಲಕ್ಷಣಗಳನ್ನೂ ಹಾಕಿ. ವಾರಗಟ್ಟಲೆ ಸಣ್ಣ ಜ್ವರ, ತೂಕ ಇಳಿಯುವುದು, ಸುಸ್ತು, ಇಎಸ್‌ಆರ್ ಏರುವುದು. ಇದಕ್ಕೆ ಎಷ್ಟೋ ಸಲ ಟಿಬಿ ಅಂತಲೇ ಮದ್ದು ಶುರುವಾಗುತ್ತದೆ. ಕುತ್ತಿಗೆಯ ಬದಿಯಲ್ಲಿ ನಾಳದ ಉದ್ದಕ್ಕೂ ಮುಟ್ಟಿದರೆ ನೋವು ಬರುವುದನ್ನೂ ಮರೆಯಬೇಡಿ.

ಕೈ ಸೋಲುವುದನ್ನು ನಮ್ಮ ಕಡೆಯ ಮಾತಿನಲ್ಲಿ ಬರೆಯಿರಿ: ಬಾವಿಯಿಂದ ನೀರು ಸೇದುವಾಗ, ತೆಂಗಿನಕಾಯಿ ತುರಿಯುವಾಗ, ಬಟ್ಟೆ ಒಣಹಾಕಲಿಕ್ಕೆ ಕೈ ಎತ್ತಿದಾಗ ಒಂದು ಕೈ ಮಾತ್ರ ಸೋತು ನೋಯುವುದು, ನಿಲ್ಲಿಸಿದರೆ ಎರಡು ನಿಮಿಷದಲ್ಲಿ ಸರಿಯಾಗುವುದು. ಬೀಡಿ ಕಟ್ಟುವ ಹೆಂಗಸರು ಹೇಳಿದರೆ "ಕೂತು ಕೂತು ಕುತ್ತಿಗೆ ನರ" ಅಂತ ಆಗಿಬಿಡುತ್ತದೆ. ನರದ ನೋವು ವಿಶ್ರಾಂತಿಯಲ್ಲೂ ಇರುತ್ತದೆ, ರಾತ್ರಿ ಜೋಮು ಹಿಡಿಯುತ್ತದೆ. ರಕ್ತ ಸಾಲದ ನೋವು ಕೆಲಸಕ್ಕೆ ಬರುತ್ತದೆ, ಕೆಲಸ ಬಿಟ್ಟರೆ ಹೋಗುತ್ತದೆ.

ಪಡುಕೆರೆ
ಈ ಪ್ಯಾರಾ ಹಾಗೆಯೇ ಹಾಕ್ತೇನೆ.

ಸುರತ್ಕಲ್ ಪುಟ
ವಿಷಯ ಬಿಟ್ಟು ಒಂದು ಮಾತು. ಟಕಯಾಸು ಅಂದರೆ ಊರಿನ ಹೆಸರು ಅಂತ ಕೆಲವರು ತಿಳಿದಿದ್ದಾರೆ. ಮಿಕಿಟೊ ಟಕಯಾಸು ಕನಜಾವಾದ ಕಣ್ಣಿನ ವೈದ್ಯ. 1908ರಲ್ಲಿ ಯುವತಿಯೊಬ್ಬಳ ಅಕ್ಷಿಪಟದಲ್ಲಿ ರಕ್ತನಾಳಗಳು ಮಾಲೆಯ ಹಾಗೆ ಒಂದಕ್ಕೊಂದು ಕೂಡಿಕೊಂಡದ್ದನ್ನು ವಿವರಿಸಿದರು. ಅಂಥದೇ ಕಣ್ಣುಳ್ಳವರ ಕೈಯಲ್ಲಿ ನಾಡಿ ಸಿಗುವುದಿಲ್ಲ ಅಂತ ಸೇರಿಸಿದವರು ಓನಿಶಿ ಮತ್ತು ಕಾಗೋಶಿಮಾ.

ಬೈಂದೂರು ಬೆಳಕು
ಹಾಗಾದರೆ ಕರಪತ್ರದಲ್ಲಿ ಕಣ್ಣಿನ ಪರೀಕ್ಷೆಯೂ ಬೇಕಲ್ಲ.

ನಾಡಿಮಿಡಿತ
ಬೇಕು, ಎರಡು ಕಾರಣಕ್ಕೆ. ಈ ಕಾಯಿಲೆಗೆ ಕೊಡುವ ಸ್ಟೀರಾಯ್ಡಿನಿಂದ ಪೊರೆ ಮತ್ತು ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಬರಬಹುದು. ಎರಡನೆಯದು ಬಿಪಿಗೇ ಸಂಬಂಧಪಟ್ಟದ್ದು. ಕೆಲವರಿಗೆ ಎರಡು ಕೈ, ಎರಡು ಕಾಲು, ನಾಲ್ಕರ ನಾಳವೂ ಬಿಗಿಯಾಗಿರುತ್ತದೆ. ಆಗ ಅತಿ ಹೆಚ್ಚು ಬಂದ ಅಂಕಿಯೂ ಸುಳ್ಳೇ. ಹೊರಗೆ 120 ಇದ್ದು ಮಹಾಪಧಮನಿಯೊಳಗೆ 200 ಇರಬಹುದು. ಅಕ್ಷಿಪಟದಲ್ಲಿ ಅಧಿಕ ಒತ್ತಡದ ಗುರುತು, ಎಕೋದಲ್ಲಿ (ಹೃದಯದ ಸ್ಕ್ಯಾನ್) ಎಡ ಹೃತ್ಕುಕ್ಷಿ ದಪ್ಪ ಆದದ್ದು, ಇವೆರಡು ಕಂಡರೆ ಕೈಯ ಅಂಕಿಯನ್ನು ಅನುಮಾನಿಸಬೇಕು. ನಿಜವಾದ ಒತ್ತಡ ಗೊತ್ತಾಗಬೇಕಾದರೆ ಕ್ಯಾಥೆಟರ್ ಒಳಗೆ ಕಳಿಸಿ ಮಹಾಪಧಮನಿಯಲ್ಲೇ ಅಳೆಯಬೇಕು.

ಕುಂದಾಪ್ರ ಕನ್ನಡಕ
ಹಾಗಾದರೆ 168 ಬಂದ ಕೂಡಲೇ ಗಟ್ಟಿ ಮಾತ್ರೆ ಕೊಟ್ಟು 120ಕ್ಕೆ ತಂದುಬಿಡುವುದು ಒಳ್ಳೆಯದಲ್ಲವಾ?

ನಾಡಿಮಿಡಿತ
ಅವಸರ ಬೇಡ. ಕ್ಯಾರೊಟಿಡ್ ನಾಳಗಳು ಬಿಗಿಯಾಗಿದ್ದರೆ ಮಿದುಳಿಗೆ ರಕ್ತ ದಾಟಿಸುವುದೇ ಆ ಹೆಚ್ಚಿನ ಒತ್ತಡ. ಒಮ್ಮೆಲೇ ಇಳಿಸಿದರೆ ಎದ್ದು ನಿಂತಾಗ ಕಣ್ಣು ಕತ್ತಲೆ, ಬೀಳುವುದು, ಪಾರ್ಶ್ವವಾಯು ಕೂಡ. ವಾರಗಳ ಮೇಲೆ ನಿಧಾನ ಇಳಿಸಬೇಕು. ಎಷ್ಟಕ್ಕೆ ನಿಲ್ಲಿಸುವುದು ಅಂತ ಕುತ್ತಿಗೆಯ ಸ್ಕ್ಯಾನ್ ನೋಡಿದವರು ಹೇಳಬೇಕು.

ಮಾತ್ರೆಡಬ್ಬಿ
ಯಾವ ಮಾತ್ರೆ ಅನ್ನುವುದೂ ಮುಖ್ಯ. ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಎನಾಲಾಪ್ರಿಲ್ ಈಗ ಎಲ್ಲರ ಚೀಟಿಯಲ್ಲೂ ಇರುತ್ತವೆ. ಎರಡೂ ಮೂತ್ರಪಿಂಡದ ನಾಳ ಬಿಗಿಯಾಗಿದ್ದರೆ, ಅಥವಾ ಇರುವ ಒಂದೇ ಮೂತ್ರಪಿಂಡದ ನಾಳ ಬಿಗಿಯಾಗಿದ್ದರೆ, ಇವು ಸೋಸುವ ಒತ್ತಡವನ್ನೇ ಬೀಳಿಸುತ್ತವೆ. ಮೂತ್ರಪಿಂಡದ ನಾಳಗಳ ಸ್ಥಿತಿ ಗೊತ್ತಾಗುವ ತನಕ ಆಮ್ಲೋಡಿಪಿನ್‌ನಂಥದು ಕ್ಷೇಮ. ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಥರದ್ದು ಶುರು ಮಾಡಿದರೂ 1–2 ವಾರದೊಳಗೆ ಕ್ರಿಯಾಟಿನಿನ್, ಪೊಟ್ಯಾಶಿಯಂ ನೋಡಬೇಕು. ಕ್ರಿಯಾಟಿನಿನ್ ಮೊದಲಿಗಿಂತ 30% ಮೇಲೆ ಹೋದರೆ ಕೂಡಲೇ ವೈದ್ಯರಿಗೆ ತಿಳಿಸಿ.

ಇಂಥವರು ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಕ್ಕೊಳ್ಳಬಾರದು. ಪ್ಯಾರಾಸಿಟಮಾಲ್ ಆಗ್ತದೆ.

ಅಡುಗೆಮನೆ ಉಪ್ಪು
ಮತ್ತೆ ಬೊಂಡ. ಸುಸ್ತಾದವರಿಗೆ ದಿನಕ್ಕೆ ಎರಡು ಮೂರು ಬೊಂಡ ಕುಡಿಸುವುದು ನಮ್ಮಲ್ಲಿ ಅಭ್ಯಾಸ. ಎಳನೀರಿನಲ್ಲಿ ಪೊಟ್ಯಾಶಿಯಂ ಬಹಳ. ಮೂತ್ರಪಿಂಡ ಸೋತಿದ್ದು ಮೇಲೆ ಟೆಲ್ಮಿಸಾರ್ಟಾನ್ ಇದ್ದರೆ ಪೊಟ್ಯಾಶಿಯಂ ಏರಿ ಹೃದಯದ ಬಡಿತ ತಪ್ಪಬಹುದು. ಮೂತ್ರಪಿಂಡ ಸರಿ ಇದ್ದವರಿಗೆ ಅಪರೂಪಕ್ಕೆ ಒಂದು ತೊಂದರೆ ಇಲ್ಲ.

ಉಪ್ಪು ದಿನಕ್ಕೆ ಒಟ್ಟು 5 ಗ್ರಾಂ, ಒಂದು ಚಾ ಚಮಚ ಮಟ್ಟಸ. ಕುಚಲಕ್ಕಿ ಗಂಜಿಯಲ್ಲಿ ತಪ್ಪೇನೂ ಇಲ್ಲ, ಅದರ ಬದಿಗೆ ಬರುವುದರಲ್ಲಿ ಉಂಟು: ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು, ಮಳೆಗಾಲದಲ್ಲಿ ಉಪ್ಪಡ್ ಪಚ್ಚಿಲ್. ಉಪ್ಪಿನಲ್ಲಿಟ್ಟ ಹಲಸಿನ ತೊಳೆಯನ್ನು ಎಷ್ಟು ನೀರಲ್ಲಿ ನೆನೆಸಿ ಹಿಂಡಿದರೂ ಉಪ್ಪು ಉಳಿಯುತ್ತದೆ. ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮೊದಲೇ ಉಪ್ಪು ನೀರು ಹಿಡಿದಿಡುತ್ತದೆ, ಸಕ್ಕರೆ ಏರಿಸುತ್ತದೆ, ಹಸಿವು ಹೆಚ್ಚಿಸುತ್ತದೆ. ಗಂಜಿಗೆ ಹೆಸರುಕಾಳು ಪಲ್ಯ, ತಾಜಾ ಬಂಗುಡೆ ಕಮ್ಮಿ ಉಪ್ಪಿನಲ್ಲಿ, ತಿಮರೆ (ಒಂದೆಲಗ) ಚಟ್ನಿ. ಮೂಳೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ ಸ್ಟೀರಾಯ್ಡ್ ಶುರುವಾದ ದಿನದಿಂದಲೇ.

ಕಟಪಾಡಿ ಪ್ರಶ್ನೆ
ಸ್ಟೀರಾಯ್ಡ್ ಎಷ್ಟು ದಿನ? ಮುಖ ಊದುತ್ತದೆ ಅಂತ ಹುಡುಗಿಯರು ನಡುವೆ ಬಿಟ್ಟುಬಿಡ್ತಾರೆ.

ನಾಡಿಮಿಡಿತ
ಕಾಯಿಲೆ ಉರಿಯುತ್ತಿರುವಾಗ ಪ್ರೆಡ್ನಿಸೊಲೋನ್ ದಿನಕ್ಕೆ 40–60 ಮಿ.ಗ್ರಾಂ, ಬೆಳಿಗ್ಗೆ ತಿಂಡಿ ಆದ ಮೇಲೆ. ಹತೋಟಿಗೆ ಬಂದ ಮೇಲೆ ಇಳಿಸುತ್ತಾ 2–3 ತಿಂಗಳಿಗೆ 15–20, ವರ್ಷದ ಹೊತ್ತಿಗೆ 10 ಅಥವಾ ಕಮ್ಮಿ, ಇದು ಯುರೋಪಿನ 2018ರ ಸಲಹೆ. ಇಳಿಸುವಾಗ ಮತ್ತೆ ಕೆರಳುವುದು ಈ ಕಾಯಿಲೆಯ ಹಟ. ಅದಕ್ಕೇ ಮೊದಲಿನಿಂದಲೇ ರೋಗನಿರೋಧಕ ಶಕ್ತಿ ತಗ್ಗಿಸುವ ಮೆಥೋಟ್ರೆಕ್ಸೇಟ್, ಅಜಥಯೋಪ್ರಿನ್ ಅಥವಾ ಮೈಕೋಫಿನೊಲೇಟ್ ಜೊತೆಗೆ ಕೊಡುವುದು. ಅವೂ ಸಾಲದಿದ್ದರೆ ಇನ್ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್, ಟೋಸಿಲಿಜುಮ್ಯಾಬ್.

ಒಮ್ಮೆಲೇ ಬಿಟ್ಟರೆ ಎರಡು ಪೆಟ್ಟು. ನಾಳದ ಉರಿ ಮತ್ತೆ ಏಳುತ್ತದೆ. ವಾರಗಟ್ಟಲೆ ಹೊರಗಿನಿಂದ ಸಿಕ್ಕಿದ್ದರಿಂದ ಅಡ್ರಿನಲ್ ಗ್ರಂಥಿ ಮಲಗಿಬಿಟ್ಟಿರುತ್ತದೆ, ಅದು ಎದ್ದೇಳುವ ಮೊದಲೇ ವಾಂತಿ, ಸುಸ್ತು, ಬಿಪಿ ಕುಸಿತ. ಮುಖದ ಊತ ಡೋಸ್ ಇಳಿದ ಹಾಗೆ ಇಳಿಯುತ್ತದೆ. ಇದನ್ನು ಮೊದಲ ದಿನವೇ ಹುಡುಗಿಯ ಎದುರು ಕೂತು ಹೇಳಬೇಕು, ತಾಯಿಗೆ ಮಾತ್ರ ಹೇಳಿ ಕಳಿಸಿದರೆ ಆಗ್ಲಿಕ್ಕಿಲ್ಲ.

ಮಾತ್ರೆಡಬ್ಬಿ
ಮೆಥೋಟ್ರೆಕ್ಸೇಟ್ ಬಗ್ಗೆ ನಾನು ಉದ್ದ ಬರೆಯುತ್ತೇನೆ, ಕ್ಷಮಿಸಿ. ಇದರಲ್ಲಿ ಆಗುವ ತಪ್ಪು ಜೀವ ತೆಗೆಯುತ್ತದೆ.

ವಾರಕ್ಕೆ ಒಂದೇ ದಿನ. ದಿನಕ್ಕೊಂದು ಅಲ್ಲ. 15 ಮಿ.ಗ್ರಾಂ ಬರೆದಿದ್ದರೆ 2.5ರ ಆರು ಮಾತ್ರೆ ಒಂದೇ ದಿನ. ಅಂಗಡಿಯಲ್ಲಿ 2.5, 5, 7.5, 10 ಎಲ್ಲ ಸಿಗುತ್ತವೆ. ಮೊದಲು 2.5ರ ಆರು ತಿನ್ನುತ್ತಿದ್ದವರಿಗೆ 10ರ ಪಟ್ಟಿ ಬಂದರೆ, ಅಭ್ಯಾಸದಲ್ಲಿ ಆರೇ ನುಂಗಿದರೆ 60. ಚೀಟಿಯಲ್ಲಿ "ಬುಧವಾರ ಮಾತ್ರ" ಅಂತ ಕನ್ನಡದಲ್ಲಿ ಬರೆಸಿಕೊಳ್ಳಿ, ಪಟ್ಟಿಯ ಮೇಲೂ ಬರೆಯಿರಿ. ಫೋಲಿಕ್ ಆಸಿಡ್ 5 ಮಿ.ಗ್ರಾಂ ಬೇರೆ ದಿನ. ಎರಡೂ ಸಣ್ಣ ಹಳದಿ ಮಾತ್ರೆಗಳಾದರೆ ಒಂದೇ ಡಬ್ಬಿಯಲ್ಲಿ ಹಾಕಬೇಡಿ.

ತಪ್ಪಿ ದಿನಾ ತಿಂದರೆ ಬಾಯಿಹುಣ್ಣು, ಜ್ವರ, ಚರ್ಮದಲ್ಲಿ ರಕ್ತದ ಚುಕ್ಕಿ. ರಕ್ತಕಣ ಬಿದ್ದುಹೋಗಿರುತ್ತವೆ. ಆಗ ಮನೆಯಲ್ಲಿರುವ ಫೋಲಿಕ್ ಆಸಿಡ್ ಸಾಕಾಗುವುದಿಲ್ಲ, ಆಸ್ಪತ್ರೆಯಲ್ಲಿ ಫೋಲಿನಿಕ್ ಆಸಿಡ್ ಬೇಕು. ಮೊದಲ ಮೂರು ತಿಂಗಳು 2–4 ವಾರಕ್ಕೊಮ್ಮೆ ರಕ್ತಕಣ, ಯಕೃತ್ತು, ಕ್ರಿಯಾಟಿನಿನ್. ಕುಡಿತ ಬೇಡ.

ಕುಂದಾಪ್ರ ಕನ್ನಡಕ
ಸ್ಟೀರಾಯ್ಡ್ ಜಾಸ್ತಿ ಇರುವಾಗ ಶ್ವಾಸಕೋಶದ ಸೋಂಕು ತಡೆಯಲಿಕ್ಕೆ ಕೋಟ್ರೈಮಾಕ್ಸಜೋಲ್ ಕೊಡುವುದುಂಟು. ಅದನ್ನೂ ಸೇರಿಸಿ.

ಮಾತ್ರೆಡಬ್ಬಿ
ಹಾಗೇ ಸೇರಿಸಬೇಡಿ! ಮೆಥೋಟ್ರೆಕ್ಸೇಟ್ ಜೊತೆ ಕೋಟ್ರೈಮಾಕ್ಸಜೋಲ್ ಸೇರಿದರೆ ಎರಡೂ ಫೋಲೇಟ್ ದಾರಿಯನ್ನೇ ಕಟ್ಟುತ್ತವೆ, ರಕ್ತಕಣ ಮಾಡುವ ಮೂಳೆಯ ಮಜ್ಜೆ ಸೋಲುತ್ತದೆ. ಮೂತ್ರದ ಸೋಂಕಿಗೆ ಅಂತ ಬೇರೆ ಯಾರೋ ಇದನ್ನು ಬರೆದುಕೊಟ್ಟಾಗಲೇ ಎಡವಟ್ಟಾಗುವುದು. ಸೋಂಕು ತಡೆಗೆ ಬೇಕೇಬೇಕಾದರೆ ಸಂಧಿವಾತ ತಜ್ಞರು ಲೆಕ್ಕ ಹಾಕಿ, ರಕ್ತ ನೋಡುತ್ತಾ ಕೊಡಬೇಕು. ಅಜಥಯೋಪ್ರಿನ್‌ಗೂ ಇಂಥದೇ ಒಂದು ಶತ್ರು ಉಂಟು: ಯೂರಿಕ್ ಆಸಿಡಿಗೆ ಕೊಡುವ ಅಲೋಪ್ಯುರಿನಾಲ್, ಫೆಬುಕ್ಸೊಸ್ಟ್ಯಾಟ್.

ಕುಂದಾಪ್ರ ಕನ್ನಡಕ
ಸರಿ, ನನ್ನ ಸಾಲು ಹಿಂದೆ ತಕ್ಕೊಂಡೆ. ಅಚ್ಚಿಗೆ ಹೋಗುವ ಮೊದಲು ಗೊತ್ತಾದದ್ದು ಒಳ್ಳೆಯದಾಯಿತು.

ಆಟಿಮಳೆ
ಟಿಬಿ ವಿಷಯ ಬಿಟ್ಟುಹೋಯಿತು. ಬಯಾಲಜಿಕ್ ಇಂಜೆಕ್ಷನ್ (ಇನ್ಫ್ಲಿಕ್ಸಿಮ್ಯಾಬ್, ಟೋಸಿಲಿಜುಮ್ಯಾಬ್ ಥರದ್ದು) ಮೊದಲು ಎದೆಯ ಎಕ್ಸ್‌ರೇ, ಟಿಬಿ ಸೋಂಕು ಹುಡುಕುವ ಮಾಂಟೂ ಅಥವಾ ಇಗ್ರಾ ಪರೀಕ್ಷೆ ಕಡ್ಡಾಯ. ಟಿಬಿ ಮದ್ದು ಶುರುವಾದರೆ ರಿಫಾಂಪಿಸಿನ್ ಪ್ರೆಡ್ನಿಸೊಲೋನನ್ನು ಬೇಗ ಕರಗಿಸಿ ಹೊರಗೆ ಹಾಕುತ್ತದೆ. ಚೀಟಿಯಲ್ಲಿ 20 ಇದ್ದರೂ ಮೈಗೆ ಸಿಗುವುದು ಸುಮಾರು ಅರ್ಧ. "ಮಾತ್ರೆ ಸರಿಯಾಗಿ ತಿಂದರೂ ಕೈನೋವು ಮತ್ತೆ ಬಂತು" ಅನ್ನುವುದಕ್ಕೆ ಇದೂ ಒಂದು ಕಾರಣ. ಗರ್ಭನಿರೋಧಕ ಮಾತ್ರೆಯನ್ನೂ ಅದು ಕೆಡಿಸುತ್ತದೆ.

ಮಟ್ಟು ಗುಳ್ಳ
ಆಟಿ ಅಮಾಸೆಗೆ (ತುಳುವರ ಆಟಿ ತಿಂಗಳ ಅಮಾವಾಸ್ಯೆ) ಪಾಲೆ ಮರದ ತೊಗಟೆಯ ಕಷಾಯ ಕುಡಿಯಬಹುದಾ ಇವರು? ಮನೆಯಲ್ಲಿ ಎಲ್ಲರೂ ಕುಡಿಯುವಾಗ ಒಬ್ಬರಿಗೆ ಬೇಡ ಅನ್ನುವುದು ಕಷ್ಟ. ಅಮೃತಬಳ್ಳಿಯಂತೂ ಪ್ರತಿ ಹಿತ್ತಿಲಲ್ಲಿ ಉಂಟು.

ನಾಡಿಮಿಡಿತ
ಅಮೃತಬಳ್ಳಿ ಖಂಡಿತ ಬೇಡ. ಅದನ್ನು ಹೊಗಳುವುದೇ ರೋಗನಿರೋಧಕ ಶಕ್ತಿ ಎಬ್ಬಿಸುತ್ತದೆ ಅಂತ, ಇಲ್ಲಿ ನಾವು ಅದನ್ನೇ ಮಲಗಿಸಲಿಕ್ಕೆ ಮದ್ದು ಕೊಡುತ್ತಿದ್ದೇವೆ. ಕೋವಿಡ್ ಸಮಯದಲ್ಲಿ ಅದನ್ನು ದಿನಾ ಕುಡಿದವರಲ್ಲಿ ಯಕೃತ್ತಿನ ಹಾನಿಯಾದ ವರದಿಗಳು ನಮ್ಮ ದೇಶದಿಂದಲೇ ಬಂದಿವೆ. ಮೆಥೋಟ್ರೆಕ್ಸೇಟ್ ಜೊತೆ ಸೇರಿದರೆ ಯಕೃತ್ತು ಕೆಟ್ಟದ್ದು ಯಾವುದರಿಂದ ಅಂತಲೂ ತಿಳಿಯುವುದಿಲ್ಲ.

ಪಾಲೆ ಕಷಾಯವನ್ನೂ ಈ ಮದ್ದಿನವರು ಬಿಡುವುದೇ ಒಳ್ಳೆಯದು. ಬೆಳಗಿನ ಕತ್ತಲಲ್ಲಿ ಕಲ್ಲಿನಿಂದ ಜಜ್ಜಿ ತರುವ ತೊಗಟೆ, ಮರ ತಪ್ಪಿ ಕಾಸರಕ ಆದರೆ ಅದರಲ್ಲಿ ಸ್ಟ್ರಿಕ್ನಿನ್ ಉಂಟು. ಅದು ಮನೆಯ ಎಲ್ಲರಿಗೂ ಅಪಾಯ.

ಮಟ್ಟು ಗುಳ್ಳ
ಕಷಾಯದ ನಂತರ ತಿನ್ನುವ ಮೆಂತೆ ಗಂಜಿ?

ಅಡುಗೆಮನೆ ಉಪ್ಪು
ಅದು ಧಾರಾಳ ತಿನ್ನಲಿ. ಬೆಲ್ಲ ಮಾತ್ರ ಸಕ್ಕರೆ ಏರಿದವರಿಗೆ ಬೇಡ.

ಕುಡ್ಲ ಕಫ್
ಮಳೆಗಾಲದ ಜ್ವರದ ಬಗ್ಗೆ ಒಂದು ಪ್ಯಾರಾ ಬೇಕೇ ಬೇಕು. ನಮ್ಮಲ್ಲಿ ಜೂನ್‌ನಿಂದ ಡೆಂಗ್ಯೂ, ಮಲೇರಿಯಾ, ಇಲಿಜ್ವರ. ಟಕಯಾಸು ಇದ್ದವರು ಜ್ವರ ಅಂತ ರಾತ್ರಿ ತುರ್ತು ವಿಭಾಗಕ್ಕೆ ಹೋದರು, ಎಡಗೈಗೆ ಕಫ್ ಕಟ್ಟಿದರು, 80/50 ಬಂತು, ಪ್ಲೇಟ್‌ಲೆಟ್ ಕಮ್ಮಿ. ನೋಡಿದವರಿಗೆ ಡೆಂಗ್ಯೂ ಶಾಕ್ ಅನ್ನಿಸುವುದು ಸಹಜ. ಬಾಟಲಿ ಮೇಲೆ ಬಾಟಲಿ ಗ್ಲೂಕೋಸ್ ಸಲೈನ್, ನಾರ್‌ಅಡ್ರಿನಲಿನ್ (ಬಿಪಿ ಏರಿಸುವ ಮದ್ದು). ಬಲಗೈಯಲ್ಲಿ ನೋಡಿದರೆ 150 ಇರಬಹುದು! ಶ್ವಾಸಕೋಶಕ್ಕೆ ನೀರು ತುಂಬುತ್ತದೆ, ಮಹಾಪಧಮನಿಯ ಕವಾಟ ಸೋರುವವರಿಗೆ ಇನ್ನೂ ಬೇಗ.

ಬೆರಳಿಗೆ ಹಾಕುವ ಆಕ್ಸಿಮೀಟರೂ ನಾಡಿ ಇಲ್ಲದ ಕೈಯಲ್ಲಿ ತಪ್ಪು ಹೇಳಬಹುದು. ಶಸ್ತ್ರಕ್ರಿಯೆಯ ಮೊದಲು ಅರಿವಳಿಕೆ ವೈದ್ಯರಿಗೆ, ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಹೇಳಲೇಬೇಕು.

ಮಾತ್ರೆಡಬ್ಬಿ
ಜ್ವರ ಬಂದರೆ ಮನೆಯವರಿಗೆ ತಿಳಿದಿರಬೇಕಾದ್ದು: ಸೋಂಕು ಇಳಿಯುವ ತನಕ ಮೆಥೋಟ್ರೆಕ್ಸೇಟ್ ಮತ್ತು ಬಯಾಲಜಿಕ್ ತಡೆಹಿಡಿಯುವುದು ರೂಢಿ, ವೈದ್ಯರಿಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಪ್ರೆಡ್ನಿಸೊಲೋನ್ ನಿಲ್ಲಿಸಬಾರದು, ಕೆಲವೊಮ್ಮೆ ಹೆಚ್ಚು ಬೇಕಾಗುತ್ತದೆ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್ನಿಗೆ ಹೋಗಲೇಬೇಕು. ಡೆಂಗ್ಯೂವಿನಲ್ಲಿ ಪ್ಲೇಟ್‌ಲೆಟ್ ಇಳಿದರೆ ಆಸ್ಪಿರಿನ್ ತಕ್ಕೊಳ್ಳುವವರು ಅದನ್ನು ಮುಂದುವರಿಸುವುದೋ ಬೇಡವೋ ಅಂತ ಅದೇ ದಿನ ಕೇಳಿ.

ಕರೆಂಟ್ ಹೋದಾಗಿನ ಮಾತೂ ಹೇಳಿಬಿಡುತ್ತೇನೆ. ಅಡಾಲಿಮುಮ್ಯಾಬ್, ಟೋಸಿಲಿಜುಮ್ಯಾಬ್ ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಫ್ರಿಜ್ಜಿನ ಬಾಗಿಲಲ್ಲಿ ಇಡಬೇಡಿ, ನಡು ತಟ್ಟೆಯಲ್ಲಿಡಿ. ಮಂಜುಗಡ್ಡೆಗೆ ತಾಗಿ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಬಳಸಬಾರದು. ಮಂಗಳೂರಿನಿಂದ ಬೈಂದೂರಿಗೆ ಒಯ್ಯುವವರು ಐಸ್ ಪ್ಯಾಕಿಗೂ ಸಿರಿಂಜಿಗೂ ನಡುವೆ ಬಟ್ಟೆ ಸುತ್ತಿ.

ಹೆರಿಗೆ ವಾರ್ಡ್
ಗರ್ಭಿಣಿಯರ ಬಗ್ಗೆ ಒಬ್ಬರೂ ಹೇಳಲಿಲ್ಲ. ಈ ಕಾಯಿಲೆ ಬರುವುದೇ ಆ ವಯಸ್ಸಿನವರಿಗೆ! ತಾಯಿ ಕಾರ್ಡಿನಲ್ಲಿ ಪ್ರತಿ ತಿಂಗಳು 90/60 ಬರೆಯುತ್ತಾ ಹೋದರೆ ಪ್ರಿಎಕ್ಲಾಂಪ್ಸಿಯಾ (ಗರ್ಭಿಣಿಯರಲ್ಲಿ ಬಿಪಿ ಏರುವ ಅಪಾಯದ ಸ್ಥಿತಿ) ಯಾರಿಗೂ ಕಾಣುವುದಿಲ್ಲ. ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಯಾವ ಕೈ ಅಂತ ಬರೆದಿರಬೇಕು.

ಮೆಥೋಟ್ರೆಕ್ಸೇಟ್, ಮೈಕೋಫಿನೊಲೇಟ್ ಎರಡೂ ಭ್ರೂಣಕ್ಕೆ ಹಾನಿ, ಗರ್ಭ ಧರಿಸುವ ಎಷ್ಟೋ ವಾರ ಮೊದಲೇ ಬಿಟ್ಟಿರಬೇಕು. ಅಜಥಯೋಪ್ರಿನ್, ಕಮ್ಮಿ ಪ್ರೆಡ್ನಿಸೊಲೋನ್ ಮುಂದುವರಿಸಬಹುದು. ಟೆಲ್ಮಿಸಾರ್ಟಾನ್, ಎನಾಲಾಪ್ರಿಲ್ ಗರ್ಭದಲ್ಲಿ ಬೇಡ, ಲ್ಯಾಬೆಟಲಾಲ್ ಅಥವಾ ನಿಫೆಡಿಪಿನ್‌ಗೆ ಬದಲಿಸುತ್ತಾರೆ. ಕಾಯಿಲೆ ಆರು ತಿಂಗಳಾದರೂ ತಣ್ಣಗಿದ್ದ ಮೇಲೆ ಮಗುವಿನ ಯೋಚನೆ ಮಾಡಿದರೆ ಒಳ್ಳೆಯದು. ಅಲ್ಲಿಯ ತನಕ ಈಸ್ಟ್ರೋಜನ್ ಇರುವ ಮಾತ್ರೆ ಬಿಪಿ ಏರಿದವರಿಗೆ ಸಲ್ಲದು, ಕಾಪರ್-ಟಿ ಬಗ್ಗೆ ಕೇಳಿ.

"ಮದುವೆ ಆಗಬಾರದು, ಮಕ್ಕಳಾಗುವುದಿಲ್ಲ" ಅಂತ ಊರಿನವರು ಹೇಳುವುದು ಸುಳ್ಳು. ಇದು ಅಂಟುವ ಕಾಯಿಲೆಯೂ ಅಲ್ಲ. ಅದನ್ನು ಕರಪತ್ರದಲ್ಲಿ ಬರೆಯಲೇಬೇಕು.

ಕಟಪಾಡಿ ಪ್ರಶ್ನೆ
ಸ್ಟೆಂಟ್ ಹಾಕಿ ಬಿಗಿತ ಬಿಡಿಸಿದರೆ ಮುಗಿಯಿತಲ್ಲ, ಇಷ್ಟೆಲ್ಲ ಮದ್ದು ಯಾಕೆ?

ರೇಡಿಯೋ ಕೋಣೆ
ಉರಿಯೂತ ಇರುವಾಗ ಬಲೂನ್ ಹಾಕಿದರೆ ಮತ್ತೆ ಮುಚ್ಚುವ ಸಂಭವ ಬಹಳ. ಮೊದಲು ಬೆಂಕಿ ಆರಿಸಬೇಕು, ಆಮೇಲೆ ದಾರಿ. ಮೂತ್ರಪಿಂಡದ ನಾಳ ಬಿಗಿಯಾಗಿ ಬಿಪಿ ಯಾವ ಮಾತ್ರೆಗೂ ಬಗ್ಗದಿದ್ದರೆ, ಹೃದಯ ಸೋಲುತ್ತಿದ್ದರೆ, ಕಾಯಲಿಕ್ಕೆ ಆಗುವುದಿಲ್ಲ ಅಂತ ಮಾಡುವುದುಂಟು, ಸ್ಟೀರಾಯ್ಡ್ ಜೊತೆಗೇ. ಕೈಯ ನಾಳ ನಿಧಾನ ಮುಚ್ಚಿದ್ದಾದರೆ ಸುತ್ತಲಿನ ಸಣ್ಣ ನಾಳಗಳು ದೊಡ್ಡದಾಗಿ ರಕ್ತ ಕೊಡುತ್ತವೆ. ನಾಡಿ ಸಿಗದಿದ್ದರೂ ಕೈ ಬೆಚ್ಚಗಿರುತ್ತದೆ. ಬರೀ ನಾಡಿ ವಾಪಸ್ ತರಲಿಕ್ಕೆ ಅಂತ ಸ್ಟೆಂಟ್ ಬೇಡ.

ಪಡುಕೆರೆ
ಚೀಟಿಯ ಮೊದಲ ಸಾಲು ಹೀಗೆ ಮಾಡಿದೆ, ನೋಡಿ: "ನನಗೆ ಟಕಯಾಸು ಆರ್ಟರೈಟಿಸ್ ಉಂಟು. ಬಿಪಿಯನ್ನು ಬಲಗೈಯಲ್ಲೇ ನೋಡಿ. ಎಡಗೈಯ ಅಂಕಿ ನಂಬಬೇಡಿ. ನಾನು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದೇನೆ, ನಿಲ್ಲಿಸಬೇಡಿ."

ಕುಡ್ಲ ಕಫ್
"ಬಲಗೈ" ಅಂತ ಅಚ್ಚು ಹಾಕಬೇಡಿ. ಒಬ್ಬರಿಗೆ ಬಲ, ಇನ್ನೊಬ್ಬರಿಗೆ ಕಾಲು. ಅಲ್ಲಿ ಗೆರೆ ಎಳೆದು ಜಾಗ ಖಾಲಿ ಬಿಡಿ.

ನಾಡಿಮಿಡಿತ
ಪಕ್ಕದಲ್ಲಿ ತಾರೀಕಿಗೂ ಜಾಗ ಬಿಡಿ, ಮತ್ತು ಅದನ್ನು ಪೆನ್ಸಿಲಿನಲ್ಲಿ ತುಂಬಲಿಕ್ಕೆ ಹೇಳಿ. ಈ ವರ್ಷ ಸರಿ ಇದ್ದ ಬಲಗೈಯ ನಾಳ ಮುಂದಿನ ವರ್ಷ ಬಿಗಿಯಾಗಬಹುದು. ಪ್ರತಿ ತಪಾಸಣೆಯಲ್ಲಿ ನಾಲ್ಕೂ ಕಡೆ ನೋಡಿ, ಬೇಕಾದರೆ ಅಳಿಸಿ ಬರೆಯಲಿ.

ಪಡುಕೆರೆ
ಆಯ್ತು. ಗೆರೆ, ತಾರೀಕು, ನಾಲ್ಕು ಅಂಕಿಗೆ ನಾಲ್ಕು ಚೌಕ ಹಾಕಿ ನಾಳೆ ಹೊಸ ಕರಡು ಇಲ್ಲೇ ಹಾಕ್ತೇನೆ.